ಪರವೂರಿನ ಚೆಕ್ಕು

ಇವತ್ತಾದರೂ ಸರಸ ಮೇಡಂ ತನ್ನನ್ನು ದೂರದಿಂದಲೇ ಕಂಡು, ಇಲ್ಲವೆಂದು ತಲೆ ಆಡಿಸಿಬಿಟ್ಟರೆ ಎಷ್ಟು ಚೆನ್ನಾಗಿತ್ತು ಎಂದುಕೊಳ್ಳುತ್ತ ಜಯಮಾಲಾ ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದಳು. ಹಾಗಾದರೆ ಕಿಟಕಿಯವರೆಗೆ ಹೋಗಿ, ಕುತ್ತಿಗೆ ಬಗ್ಗಿಸಿ, ಹಿಂದೆ ನಿಂತವರಿಗೆಲ್ಲ ಕೇಳುವ ಹಾಗೆ ‘ಮುಂಬಯಿಯದ್ದು ಬಂತಾ’ ಎಂದು ಕೇಳುವುದು ತಪ್ಪುತ್ತಿತ್ತು. ಆದರೆ ಸರಸ ಮೇಡಂ ಸರದಿ ಬರುವ ಮೊದಲು ಯಾರ ಮುಖವನ್ನೂ ನೋಡುವವರಲ್ಲ. ಮಣಿಪಾಲದ ಸ್ಕ್ಯಾನಿಂಗ್ ಸೆಂಟರಿನಲ್ಲಿ ರಿಸೆಪ್ಷನಿಸ್ಟ್ ಆಗಿದ್ದ ಅವಳಿಗೆ ಮಧ್ಯಾಹ್ನದ ಬಿಡುವೆಂದರೆ ಬಸ್ಸಿನಲ್ಲಿ ಉಡುಪಿಗೆ ಇಳಿದು ಮತ್ತೆ ಹತ್ತಿ ಹೋಗುವಷ್ಟೇ. ಅವ್ವ ಕಟ್ಟಿಕೊಟ್ಟ ರೊಟ್ಟಿಯ ಡಬ್ಬಿ ಸೆಂಟರಿನ ಮೇಜಿನ ಕೆಳಗೆ ಹಾಗೆಯೇ ಇತ್ತು. ಮುಂದೆ ನಿಂತಿದ್ದ ಮೀನು ವ್ಯಾಪಾರದ ಹೆಂಗಸು ತನ್ನ ಪಾಸ್‌ಬುಕ್ಕನ್ನು ಸೆರಗಿನಿಂದ ಒರೆಸಿ ಒರೆಸಿ ಕೊಡುತ್ತಿದ್ದಳು. ತನ್ನ ಪಾಸ್‌ಬುಕ್ಕು ಮಾತ್ರ ಶುಚಿಯಾಗಿತ್ತು. ಆದರೂ ಅದನ್ನು ಚಾಚುವಾಗ ಕೈ ಹಿಂಜರಿಯಿತು.

‘ಇಲ್ಲ ಮಾರಾಯ್ತಿ, ಬರಲಿಲ್ಲ,’ ಎಂದರು ಸರಸ ಮೇಡಂ, ಅವಳು ಬಾಯಿ ತೆರೆಯುವ ಮೊದಲೇ. ‘ಪರವೂರಿನ ಚೆಕ್ಕು ಅಲ್ವಾ? ಇಲ್ಲಿಂದ ಮಂಗಳೂರಿಗೆ ಹೋಗಬೇಕು, ಅಲ್ಲಿಂದ ಮುಂಬಯಿಗೆ, ಅಲ್ಲಿ ಅವರು ಪಾಸ್ ಮಾಡಿ ಪುನಃ ಇಲ್ಲಿಗೆ ತಿಳಿಸಬೇಕು. ನೀನು ದಿನಾ ಬಂದು ಕೇಳಿದ ಕೂಡಲೇ ಅದು ಓಡಿ ಬರ್ತದಾ?’

‘ಕ್ರೆಡಿಟ್ ಕಾರ್ಡಿಗೆ ಕಟ್ಟುವ ತಾರೀಖು ದಾಟಿ ಹೋಗಿದೆ ಮೇಡಂ.’

‘ಹಾಗಾದ್ರೆ ನಿನ್ನ ಕೈಯಿಂದ ಕಟ್ಟು. ಇದು ಬಂದಾಗ ತಕ್ಕೊ. ಪ್ರತಿ ತಿಂಗಳೂ ದಂಡ ಕೊಡುವುದು ಎಂತದಕ್ಕೆ?’

ಹಿಂದೆ ನಿಂತವರಲ್ಲಿ ಯಾರೋ ನಕ್ಕ ಹಾಗಾಯಿತು. ನಗದೆಯೂ ಇದ್ದಿರಬಹುದು. ಜಯಮಾಲಾ ಸಾಲಿನಿಂದ ಸರಿದು ಹೊರಗೆ ಬಂದಳು. ಬಿಸಿಲು ಕಣ್ಣಿಗೆ ಹೊಡೆಯಿತು. ಅವಮಾನದ ಅಡಿಯಲ್ಲಿ ಒಂದು ಸಣ್ಣ ನೆಮ್ಮದಿ ಮಿಸುಕಾಡುತ್ತಿರುವುದನ್ನು ಅವಳು ಗುರುತಿಸಿದಳು, ಮತ್ತು ಅದಕ್ಕಾಗಿ ನಾಚಿದಳು. ಬರಲಿಲ್ಲ ಎಂದರೆ ಹಿಂದಕ್ಕೂ ಬರಲಿಲ್ಲ ಎಂದೇ ತಾನೆ? ಚೆಕ್ಕು ಇನ್ನೂ ದಾರಿಯಲ್ಲಿದೆ. ಯಾವುದೋ ಟಪಾಲು ಚೀಲದೊಳಗೆ, ರೈಲಿನಲ್ಲೋ ಬಸ್ಸಿನಲ್ಲೋ, ತಾನು ಮೆಚ್ಚಿದ ಹುಡುಗ ಡೆನ್ವರನ ಸಹಿ ಕತ್ತಲಲ್ಲಿ ಪ್ರಯಾಣ ಮಾಡುತ್ತಿದೆ. ಅದು ಮುಂಬಯಿಯ ಅವನ ಖಾತೆಗೆ ತಲುಪುತ್ತದೆ. ಖಾತೆಯಲ್ಲಿ ಹಣ ಇರುತ್ತದೆ. ಹಣ ಇದೆ ಎಂದರೆ ಹಡಗಿನ ಕಂಪನಿ ಅವನಿಗೆ ಸಂಬಳ ಹಾಕಿದೆ. ಸಂಬಳ ಹಾಕಿದೆ ಎಂದರೆ ಅವನು ಎಲ್ಲೋ ಒಂದು ಸಮುದ್ರದ ಮೇಲೆ, ಬಿಳಿ ಕೋಟು ತೊಟ್ಟು, ಯಾರದೋ ಮುಂದೆ ತಟ್ಟೆ ಇಡುತ್ತಿದ್ದಾನೆ. ಆರಂಭದಲ್ಲಿ ಪ್ರತಿಯೊಂದು ಬಂದರಿನಿಂದಲೂ ಫೋನು ಮಾಡುತ್ತಿದ್ದವನು ಮಳೆಗಾಲದ ನಂತರ ಒಮ್ಮೆಯೂ ಮಾಡಿರಲಿಲ್ಲ. ಒಳಬರುವ ಕರೆಗೆ ದುಡ್ಡಿಲ್ಲ ಎಂದಾದ ವರ್ಷ ಅದು. ಅದಕ್ಕೆಂದೇ ಅವಳು ಮೊಬೈಲು ಕೊಂಡದ್ದು. ಈಗ ಆ ಮೊಬೈಲಿಗೆ ಕಾರ್ಡಿನವರನ್ನು ಬಿಟ್ಟು ಬೇರೆ ಯಾರೂ ಕರೆ ಮಾಡುತ್ತಿರಲಿಲ್ಲ. ಹಾಗಾಗಿ ಚೆಕ್ಕು ಪಾಸಾದ ದಿನ ಮಾತ್ರ ಅವಳಿಗೆ ಡೆನ್ವರನ ಸುದ್ದಿ ಬಂದ ದಿನ. ಪಾಸ್‌ಬುಕ್ಕಿನಲ್ಲಿ ಹೊಸ ಸಾಲೊಂದು ಅಚ್ಚಾಗಿ ಬಂದರೆ ಅವಳು ಅದನ್ನು ಬಸ್ಸಿನಲ್ಲಿ ಕುಳಿತು ಮತ್ತೆ ಮತ್ತೆ ನೋಡುವಳು.

ಚೆಕ್ಕುಗಳನ್ನು ಅವನು ಬರೆದದ್ದು ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಹತ್ತಿರದ ಐಸ್‌ಕ್ರೀಮ್ ಅಂಗಡಿಯಲ್ಲಿ. ಮೇಜಿನ ಮೇಲೆ ಬಿದ್ದ ನೀರನ್ನು ಮೊದಲು ತನ್ನ ಕರವಸ್ತ್ರದಿಂದ ಒರೆಸಿದ್ದ. ಹೋಟೆಲಿನಲ್ಲಿ ಕೆಲಸ ಮಾಡಿದವನ ಅಭ್ಯಾಸ. ಆಮೇಲೆ ಚೆಕ್ಕುಪುಸ್ತಕ ತೆಗೆದು, ನಾಲಗೆಯ ತುದಿಯನ್ನು ತುಟಿಗಳ ನಡುವೆ ಕಚ್ಚಿಕೊಂಡು, ಒಂದರ ಮೇಲೊಂದರಂತೆ ಸಹಿ ಹಾಕಿದ. ಪ್ರತಿಯೊಂದಕ್ಕೂ ಮುಂದಿನ ತಿಂಗಳು, ಅದರ ಮುಂದಿನ ತಿಂಗಳು, ವರ್ಷ ಬದಲಾಗುವಲ್ಲಿ ಒಂದು ಕ್ಷಣ ನಿಲ್ಲಿಸಿ ಮತ್ತೆ ಹೊಸ ವರ್ಷದ ತಾರೀಖು. ‘ನನ್ನ ಸಂಬಳ ಬಿದ್ದ ಮೇಲಿನ ತಾರೀಖು ಹಾಕಿದ್ದೇನೆ. ನೀನು ಹಾಕ್ತಾ ಹೋಗು, ಕಾರ್ಡಿಗೆ ಕಟ್ತಾ ಹೋಗು. ಕೊನೆಯದ್ದು ಪಾಸಾಗುವಾಗ ನಾನೇ ಇಲ್ಲಿ ಇರ್ತೇನೆ,’ ಎಂದಿದ್ದ. ಪರವೂರಿನ ಚೆಕ್ಕು ಇಷ್ಟು ನಿಧಾನ ಎಂದು ಆಗ ಇಬ್ಬರಿಗೂ ಹೊಳೆದಿರಲಿಲ್ಲ. ಅವಳಿಗೆ ಚೆಕ್ಕಿನ ಮೊತ್ತದ ಮೇಲೆ ಗಮನವೇ ಇರಲಿಲ್ಲ. ಬರಲಿರುವ ವರ್ಷದ ತಾರೀಖನ್ನು ಅಷ್ಟು ಸಲೀಸಾಗಿ ಬರೆಯುವ ಗಂಡಸು ತನ್ನನ್ನು ಬಿಟ್ಟು ಎಲ್ಲಿಗೆ ಹೋದಾನು ಎಂದು ಅವನ ಬೆರಳುಗಳನ್ನೇ ನೋಡುತ್ತ ಕುಳಿತಿದ್ದಳು. ಐಸ್‌ಕ್ರೀಮು ಕರಗಿ ಬಟ್ಟಲಿನಲ್ಲಿ ಗುಲಾಬಿ ನೀರಾಗಿತ್ತು.

ಕಾರ್ಡು ಅವಳದ್ದು. ಸ್ಕ್ಯಾನಿಂಗ್ ಸೆಂಟರಿನ ಬಾಗಿಲಿಗೆ ಬಂದು ಟೈ ಕಟ್ಟಿಕೊಂಡ ಹುಡುಗನೊಬ್ಬ, ‘ಮೇಡಂ, ಸಂಬಳದ ಚೀಟಿ ಕೊಟ್ಟರೆ ಸಾಕು’ ಎಂದು ಬರೆಸಿಕೊಂಡು ಹೋದದ್ದು. ಗಾರೆ ಕೆಲಸದ ಚಂದಪ್ಪನ ಮಗಳ ಹೆಸರು ಅಷ್ಟು ನುಣುಪಾದ ಒಂದು ತುಂಡಿನ ಮೇಲೆ ಉಬ್ಬಕ್ಷರದಲ್ಲಿ ಬಂದಾಗ ಅವಳು ಅದನ್ನು ಕತ್ತಲಲ್ಲಿ ಬೆರಳಿನಿಂದ ಸವರಿ ಓದಿದ್ದಳು. ಬಹಳ ದಿನ ಅದನ್ನು ಎಲ್ಲಿಯೂ ಉಪಯೋಗಿಸಲಿಲ್ಲ. ಡೆನ್ವರನ ಹತ್ತಿರವೂ ಒಂದು ಕಾರ್ಡು ಇತ್ತು, ಅದರ ಮಿತಿ ಮುಗಿದಿತ್ತು. ಹಡಗಿನ ಕೆಲಸಕ್ಕೆ ಮೊದಲು ಮುಂಬಯಿಯಲ್ಲಿ ತರಬೇತಿ, ಏಜೆಂಟನ ಕಮಿಷನ್, ವಿಮಾನದ ಟಿಕೇಟು. ಅವನು ಕೇಳಿರಲಿಲ್ಲ, ಇದು ಮುಖ್ಯ ಎಂದು ಅವಳು ಆಗಾಗ ತನಗೇ ಹೇಳಿಕೊಳ್ಳುತ್ತಿದ್ದಳು. ಅವನು ಕೇಳಲಿಲ್ಲ, ತಾನೇ ಕೊಟ್ಟದ್ದು. ಟ್ರಾವೆಲ್ಸಿನ ಕಚೇರಿಯಲ್ಲಿ ಯಂತ್ರದೊಳಗೆ ಕಾರ್ಡು ಉಜ್ಜಿದಾಗ ಬಂದ ಸದ್ದು, ಹೊಸ ಬಟ್ಟೆ ಹರಿದ ಹಾಗೆ, ಅವಳಿಗೆ ಹಿತವಾಗಿತ್ತು. ಅವನನ್ನು ಕಳುಹಿಸುವವಳು ತಾನು. ಆದ್ದರಿಂದ ಅವನು ಬರುವುದೂ ತನ್ನಲ್ಲಿಗೆ. ಈ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ಈಗ ಬಸ್ಸಿನ ಕಿಟಕಿಯಲ್ಲಿ ಇಂದ್ರಾಳಿಯ ಏರು ಹಿಂದೆ ಸರಿಯುತ್ತಿರುವಾಗ ಯೋಚಿಸಿದರೂ ತಿಳಿಯುತ್ತಿರಲಿಲ್ಲ.

ಅವನು ಮೊದಲ ಸಲ ಸೆಂಟರಿಗೆ ಬಂದದ್ದು ಮೂತ್ರದ ಕಲ್ಲಿನ ನೋವಿನಿಂದ. ಹೊಟ್ಟೆ ತುಂಬ ನೀರು ಕುಡಿದು ಕಾಯಬೇಕು ಎಂದು ಅವಳೇ ಹೇಳಿದ್ದಳು. ಕುಡಿದ, ಕಾದ, ಡಾಕ್ಟರು ಬರಲಿಲ್ಲ. ‘ಮೇಡಂ, ಇನ್ನು ಒಂದು ಲೋಟ ಕುಡಿದರೆ ನಾನು ನಿಮ್ಮ ನೆಲ ಒರೆಸಬೇಕಾಗ್ತದೆ,’ ಎಂದು ಮೇಜಿಗೆ ಬಗ್ಗಿ ಪಿಸುಗುಟ್ಟಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ನೋವಿನಲ್ಲಿ ಬೆವರುತ್ತಿದ್ದವನು ತನ್ನನ್ನು ನಗಿಸಿದ್ದ. ಆಮೇಲೆ ಭಾನುವಾರಗಳಲ್ಲಿ ಕಾರ್ಕಳಕ್ಕೆ ಹೋಗುವುದು ರೂಢಿಯಾಯಿತು. ಅಲ್ಲಿ ಇಬ್ಬರನ್ನೂ ಬಲ್ಲವರಿರಲಿಲ್ಲ. ಅಪ್ಪ ನಿಟ್ಟೆಯಲ್ಲಿ ಹಾಸ್ಟೆಲ್ ಕಟ್ಟಡದ ಕೆಲಸದಲ್ಲಿ ಶೆಡ್ಡು ಹಾಕಿಕೊಂಡಿದ್ದರಿಂದ, ಅಪ್ಪನನ್ನು ನೋಡಿ ಬರುತ್ತೇನೆ ಎಂದರೆ ಅವ್ವ ಚಟ್ನಿಪುಡಿ ಕಟ್ಟಿಕೊಟ್ಟು ಕಳುಹಿಸುತ್ತಿದ್ದಳು. ಅಪ್ಪನಿಗೆ ಅರ್ಧ ಗಂಟೆ, ಡೆನ್ವರನಿಗೆ ಉಳಿದ ದಿನವೆಲ್ಲ. ಆನೆಕೆರೆಯ ದಂಡೆಯಲ್ಲಿ ಕುಳಿತು ಅವನು ಕೊಂಕಣಿಯ ಶಬ್ದಗಳನ್ನು ಕಲಿಸುತ್ತಿದ್ದ. ಅವಳ ಬಾಯಲ್ಲಿ ಅವು ಬಿಜಾಪುರದ ಕಡೆಯವಾಗಿ ಬರುತ್ತಿದ್ದವು.

ಸೆಂಟರಿಗೆ ಮರಳಿ ಬಂದು ಕುಳಿತ ಕೂಡಲೇ ಮೇಜಿನ ಫೋನು ಹೊಡೆದುಕೊಂಡಿತು. ಮೊಬೈಲು ಎತ್ತದಿದ್ದರೆ ಅವರು ಇಲ್ಲಿಗೇ ಮಾಡುತ್ತಿದ್ದರು. ‘ಜಯಮಾಲಾ ಅವರಾ? ಮೇಡಂ, ನಿಮ್ಮ ಕಾರ್ಡಿನ ಪೇಮೆಂಟ್ ಈ ತಿಂಗಳೂ ಬಂದಿಲ್ಲ.’ ಬೆಂಗಳೂರಿನ ಹುಡುಗನ ದನಿ, ಬಹಳ ವಿನಯ. ಚೆಕ್ಕು ಹಾಕಿದ್ದೇನೆ, ಕ್ಲಿಯರ್ ಆಗಬೇಕು ಎಂದಳು. ಎದುರಿನ ಬೆಂಚಿನಲ್ಲಿ ಗರ್ಭಿಣಿಯರು, ಅವರ ಅತ್ತೆಯರು, ಲಕೋಟೆ ಹಿಡಿದ ಗಂಡಂದಿರು. ಬೇರೆ ಕೆಲಸವಿಲ್ಲದ ಎಲ್ಲರ ಕಿವಿಗಳೂ ಅವಳ ಕಡೆಗೆ. ‘ಪ್ರತಿ ತಿಂಗಳೂ ಅದನ್ನೇ ಹೇಳ್ತೀರಲ್ಲ ಮೇಡಂ. ಯಾರ ಚೆಕ್ಕು ಅದು? ನಿಮ್ಮ ಯಜಮಾನರದ್ದಾ?’ ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೇಳಿದವನು ಮುಖ ಕಾಣದ ವಸೂಲಿಯ ಹುಡುಗ, ಆದರೂ ಕೇಳಿದ್ದ. ‘ಹೌದು,’ ಎಂದುಬಿಟ್ಟಳು. ‘ಯಜಮಾನರದ್ದು. ಅವರು ಹಡಗಿನಲ್ಲಿದ್ದಾರೆ.’ ಫೋನು ಇಟ್ಟ ಮೇಲೆ ಕಿವಿ ಬಿಸಿಯಾಗಿ ಬಹಳ ಹೊತ್ತು ತಣ್ಣಗಾಗಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಕುಶಲಾ ಬಿಲ್ಲು ಬರೆಯುತ್ತಿದ್ದವಳು ತಲೆ ಎತ್ತಿ ನೋಡಿ, ಮತ್ತೆ ಬಗ್ಗಿದಳು.

ಆ ಸಂಜೆ ಅವ್ವ ಡಬ್ಬಿ ತೆರೆದು ನೋಡಿ ಅಲ್ಲೇ ನೆಲದ ಮೇಲೆ ಇಟ್ಟಳು. ‘ಯಾಕವಾ, ರೊಟ್ಟಿ ಹಂಗ ಐತಲ್ಲ. ಉಣ್ಣಾಕೂ ಬಿಡದಂಥಾ ಕೆಲಸ ಎಂಥಾದ್ದು ಅದು?’ ಜಯಮಾಲಾ ತಲೆ ನೋವು ಎಂದಳು. ಅವ್ವ ಕಾಂಕ್ರೀಟಿನ ಬುಟ್ಟಿ ಹೊತ್ತು ನಡುನೆತ್ತಿಯ ಕೂದಲು ತೆಳುವಾಗಿದ್ದ ತಲೆಯನ್ನು ಬಗ್ಗಿಸಿ, ಮಗಳ ಪಾಲಿನ ರೊಟ್ಟಿಯನ್ನು ಮುರಿದು ತಾನು ತಿನ್ನತೊಡಗಿದಳು. ಪರಕಳದ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಸಂಬಳದ ಹಣ ಎಲ್ಲೆಲ್ಲಿಗೆ ಹೋಗಬೇಕು ಎಂಬುದು ಅವ್ವನಿಗೆ ಗೊತ್ತಿತ್ತು. ಅದರಲ್ಲಿ ದಂಡಕ್ಕೆಂದು ಸೋರಿಹೋಗುವುದು ಮಾತ್ರ ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದೂ ಕೇಳುತ್ತಿರಲಿಲ್ಲ. ಹಾಗೆ ಯೋಚಿಸಿದಾಗೆಲ್ಲ ಜಯಮಾಲಾಳಿಗೆ ಕಾರ್ಕಳದ ಮಾರ್ಕೆಟ್ಟಿನ ಆ ಭಾನುವಾರ ಎದುರಿಗೆ ಬಂದು ನಿಲ್ಲುತ್ತಿತ್ತು. ಡೆನ್ವರನ ಜೊತೆ ಕಬ್ಬಿನ ಹಾಲು ಕುಡಿಯುತ್ತಿದ್ದಾಗ ಅಪ್ಪ ಎದುರು ಬಂದಿದ್ದ. ಕೈಯಲ್ಲಿ ಈರುಳ್ಳಿಯ ಚೀಲ, ಉಗುರುಗಳ ಸುತ್ತ ಸಿಮೆಂಟು. ‘ಯಾರಿವರು?’ ಎಂದು ಡೆನ್ವರ್ ಕೇಳಿದ. ಅವಳ ಬಾಯಿಂದ ‘ನಮ್ಮ ಊರಿನವರು’ ಎಂದು ಬಂತು. ಚಂದಪ್ಪ ಮಗಳ ಮುಖವನ್ನು ನೋಡಿದ. ಆಮೇಲೆ ಡೆನ್ವರನಿಗೆ ಕೈ ಮುಗಿದು, ‘ಹೌದ್ರಿ ಸಾಹೇಬ್ರ, ಒಂದ ಊರಾವ್ರು ನಾವು. ಸಣ್ಣವರಿದ್ದಾಗಿಂದ ಬಲ್ಲೆ ಇವರನ್ನ,’ ಎಂದು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಹೋಗಿಬಿಟ್ಟ. ಇವರನ್ನ ಎಂದಿದ್ದ ಅಪ್ಪ. ಹಿಂದಿರುಗುವ ಬಸ್ಸಿನಲ್ಲಿ ಅಳುತ್ತ ನಿಜ ಹೇಳಿದಾಗ ಡೆನ್ವರ್ ಅವಳನ್ನು ಸಮಾಧಾನ ಮಾಡಲಿಲ್ಲ. ‘ನನ್ನ ಡ್ಯಾಡಿ ಮುಂಬಯಿಯ ಹೋಟೆಲಿನಲ್ಲಿ ಪಾತ್ರೆ ತೊಳೆದವರು. ಶಾಲೆಯಲ್ಲಿ ನಾನು ಮ್ಯಾನೇಜರು ಅಂತ ಹೇಳಿದ್ದೆ,’ ಎಂದ. ಆ ಒಂದು ಮಾತಿಗಾಗಿ ಅವನ ಜೊತೆ ಎಲ್ಲಿಗಾದರೂ ಹೋಗಬಹುದು ಎಂದು ಅವಳಿಗೆ ಅನ್ನಿಸಿತ್ತು. ಹೋದದ್ದು ಅವನೊಬ್ಬನೇ.

ಕಾರ್ಡಿನವರ ಆ ಫೋನು ಬಂದ ಒಂದೆರಡು ದಿನಗಳಲ್ಲಿ, ಬೆಳಗಿನ ಗದ್ದಲ ಇಳಿದ ಹೊತ್ತಿನಲ್ಲಿ, ನೇರಳೆ ಸೀರೆಯ ವಯಸ್ಸಾದ ಹೆಂಗಸೊಬ್ಬರು ಬಂದು ಬೆಂಚಿನ ತುದಿಯಲ್ಲಿ ಕುಳಿತರು. ಕೊಡೆಯನ್ನು ಎರಡೂ ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡಿದ್ದರು. ಜಯಮಾಲಾ ಯಾವ ಸ್ಕ್ಯಾನ್ ಎಂದು ಕೇಳಿದಳು.

‘ಸ್ಕ್ಯಾನ್ ಅಲ್ಲ. ನೀನು ಜಯಮಾಲಾ ಅಲ್ವಾ?’ ಎಂದರು ಅವರು. ‘ನಾನು ಜೆರ್ಟ್ರೂಡ್, ಕಾಪುವಿನಿಂದ ಬಂದದ್ದು. ಡೆನ್ವರನ ಮಮ್ಮಿ.’

ಅವಳು ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು. ಈ ಭೇಟಿಯನ್ನು ಅವಳು ಎಷ್ಟು ಸಲ ಕಲ್ಪಿಸಿಕೊಂಡಿರಲಿಲ್ಲ! ಅವುಗಳಲ್ಲೆಲ್ಲ ಡೆನ್ವರ್ ಪಕ್ಕದಲ್ಲಿರುತ್ತಿದ್ದ, ತಾನು ಒಳ್ಳೆಯ ಸೀರೆ ಉಟ್ಟಿರುತ್ತಿದ್ದಳು. ಈಗ ಸೆಂಟರಿನ ಮಾಸಲು ನೀಲಿ ಕೋಟಿನಲ್ಲಿ, ಫಿನಾಯಿಲಿನ ವಾಸನೆಯ ನಡುವೆ, ಅವನ ಕಣ್ಣುಗಳನ್ನು ಇನ್ನೊಂದು ಮುಖದಲ್ಲಿ ನೋಡುತ್ತ ನಿಂತಿದ್ದಳು. ಕುಶಲಾಳಿಗೆ ಮೇಜು ನೋಡಿಕೊಳ್ಳಲು ಹೇಳಿ ಅವರನ್ನು ಮಹಡಿಯ ಮೆಟ್ಟಿಲ ಬಳಿಗೆ ಕರೆದುಕೊಂಡು ಹೋದಳು. ಜೆರ್ಟ್ರೂಡ್ ಬಾಯಿ ಕುಳಿತುಕೊಳ್ಳಲಿಲ್ಲ. ಚೀಲದಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಅವಳ ಕೈಗಿಟ್ಟರು.

‘ಕಾರ್ಡಿನದ್ದು ಬಾಕಿ ಎಷ್ಟುಂಟು ಅಂತ ಮೆಲಿಷಾ ಅವನು ಬಿಟ್ಟುಹೋದ ಚೆಕ್ಕುಪುಸ್ತಕ ನೋಡಿ ಲೆಕ್ಕ ಮಾಡಿ ಹೇಳಿದ್ದಾಳೆ. ಡೆನ್ವರನ ಅಕ್ಕ, ಮುಂಬಯಿಯಲ್ಲಿರುವವಳು. ಎಲ್ಲ ಇದರಲ್ಲಿ ಉಂಟು, ನೀನು ಕೊಟ್ಟ ದಂಡವೂ ಉಂಟು. ಒಂದೇ ಸಲಕ್ಕೆ ಕಟ್ಟಿ ಮುಗಿಸು. ಅವನು ಬರೆದುಕೊಟ್ಟ ಚೆಕ್ಕು ಉಳಿದದ್ದು ಕೊಡು ಮಗಾ, ನಾನು ತಕ್ಕೊಂಡು ಹೋಗ್ತೇನೆ.’

‘ಡೆನ್ವರ್ ಹೇಳಿದರಾ?’

ಬಾಯಿ ಕೊಡೆಯ ಹಿಡಿಯನ್ನು ನೋಡುತ್ತಿದ್ದರು. ‘ಅವನಿಗೆ ಹೆಣ್ಣು ನೋಡಿ ಆಗಿದೆ. ನಮ್ಮವರೇ. ಮುಂದಿನ ವರ್ಷ ಬಂದವನೇ ಮದುವೆ. ಹಾಗಿರುವಾಗ ಹಳೆಯದ್ದು ಯಾವುದೂ ಬಾಕಿ ಇರಬಾರದು ಅಲ್ವಾ? ನಿನಗೂ ಒಳ್ಳೆಯದಲ್ಲ. ನೀನು ಚಿಕ್ಕವಳು.’

ಚೆಕ್ಕುಗಳು ಅವಳ ಚೀಲದಲ್ಲೇ ಇದ್ದವು. ಮನೆಯಲ್ಲಿಟ್ಟರೆ ಅವ್ವನ ಕೈಗೆ ಸಿಕ್ಕೀತೆಂದು ಯಾವಾಗಲೂ ಜೊತೆಗೇ ಒಯ್ಯುತ್ತಿದ್ದಳು. ಇಲ್ಲ ಎನ್ನಬಹುದಿತ್ತು. ನಾಳೆ ತರುತ್ತೇನೆ ಎನ್ನಬಹುದಿತ್ತು. ಒಂದನ್ನಾದರೂ ಬೇರೆ ಮಾಡಿ ಇಟ್ಟುಕೊಳ್ಳಬಹುದಿತ್ತು. ಹಣಕ್ಕಲ್ಲ, ಆ ಸಹಿಗೆ, ಕೊನೆಯ ಅಕ್ಷರದ ಬಾಲವನ್ನು ಅವನು ಮೇಲಕ್ಕೆಳೆಯುತ್ತಿದ್ದ ಆ ರೀತಿಗೆ. ಆದರೆ ಆ ತಾಯಿಯ ಎದುರು ಕಳ್ಳಿಯ ಹಾಗೆ ಒಂದು ಹಾಳೆಯನ್ನು ಬಚ್ಚಿಡುವ ತನ್ನನ್ನು ಊಹಿಸಿಕೊಂಡು ಅವಳಿಗೆ ಹೇಸಿಗೆಯಾಯಿತು. ಒಳಗೆ ಹೋಗಿ ಇಡೀ ಕಟ್ಟನ್ನು ತಂದುಕೊಟ್ಟಳು. ‘ಈ ತಿಂಗಳಿನದ್ದು ಬ್ಯಾಂಕಿಗೆ ಹೋಗಿ ಆಯಿತು ಬಾಯಿ. ಅದು ದಾರಿಯಲ್ಲಿದೆ. ಬಂದರೆ ಆ ಹಣವನ್ನು ನಿಮಗೆ ತಂದುಕೊಡ್ತೇನೆ.’ ‘ಬೇಡ, ನೀನು ಬರುವುದು ಬೇಡ,’ ಎಂದರು ಜೆರ್ಟ್ರೂಡ್ ಬಾಯಿ, ಸ್ವಲ್ಪ ಅವಸರದಲ್ಲಿ. ‘ಅದನ್ನು ನೀನೇ ಇಟ್ಟುಕೋ.’ ಆಮೇಲೆ ಅವಳ ಕೆನ್ನೆಯ ಹತ್ತಿರಕ್ಕೆ ಕೈ ತಂದು, ಮುಟ್ಟದೆ, ಕೆಳಗಿಳಿಸಿ, ಮೆಟ್ಟಿಲಿಳಿದು ಹೋದರು.

ಕಾರ್ಡಿನ ಬಾಕಿ ತೀರಿತು. ವಸೂಲಿಯ ಹುಡುಗ ಕೊನೆಯ ಸಲ ಕರೆ ಮಾಡಿ, ‘ಥ್ಯಾಂಕ್ಯೂ ಮೇಡಂ, ಯಜಮಾನರು ಬಂದರಾ?’ ಎಂದು ಕೇಳಿದಾಗ ಅವಳು ಕರೆ ಕಡಿದುಬಿಟ್ಟಳು. ಮೊಬೈಲು ಮೂಕವಾಯಿತು. ರಾತ್ರಿ ಊಟಕ್ಕೆ ಕುಳಿತಾಗ ಅದನ್ನು ಮಣೆಯ ಪಕ್ಕ ಇಟ್ಟುಕೊಳ್ಳುವ ಅಭ್ಯಾಸ ಮಾತ್ರ ಉಳಿಯಿತು. ಸಾಲ ಇದ್ದಷ್ಟು ದಿನ ಅವನಿಗೂ ತನಗೂ ನಡುವೆ ಏನೋ ನಡೆಯುತ್ತಿತ್ತು, ನಿಧಾನವಾಗಿಯಾದರೂ. ಈಗ ಯಾವುದೂ ನಡೆಯುತ್ತಿಲ್ಲ. ಅವನ ಪಕ್ಕದಲ್ಲಿ ಬಿಳಿ ಉಡುಪಿನ ಹುಡುಗಿಯೊಬ್ಬಳನ್ನು ನಿಲ್ಲಿಸಿ ನೋಡಲು ಪ್ರಯತ್ನಿಸಿದಳು. ಹುಡುಗಿಗೆ ಮುಖ ಬರಲಿಲ್ಲ. ಅಸೂಯೆ ಬಂದಿದ್ದರೆ ಸುಲಭವಾಗಿತ್ತು. ಬಂದದ್ದು ಬರೀ ಆಸೆ. ಆನೆಕೆರೆಯ ದಂಡೆಯ ಕಲ್ಲಿನ ಬಿಸಿ, ಅವನ ಅಂಗಿಯ ಇಸ್ತ್ರಿಯ ವಾಸನೆ, ಇಂಥ ಕೆಲಸಕ್ಕೆ ಬಾರದ ವಿವರಗಳ ಮೇಲಿನ ಆಸೆ. ನಿದ್ದೆ ಬಾರದಾಗ, ದಾರಿಯಲ್ಲಿರುವ ಆ ಒಂದು ಚೆಕ್ಕನ್ನು ನೆನೆಯುತ್ತಿದ್ದಳು. ಬಾರದಿರಲಿ. ಮುಂಬಯಿಯ ಯಾವುದಾದರೂ ಮೇಜಿನ ಮೇಲೆ, ಯಾರೂ ನೋಡದೆ, ವರ್ಷಗಟ್ಟಲೆ ಬಿದ್ದಿರಲಿ.

ಬಂತು. ಸರಸ ಮೇಡಂ ಅವಳನ್ನು ಕಂಡವರೇ, ‘ಬಾ, ಬಾ. ನಿನ್ನದು ಪಾಸಾಯ್ತು. ಇನ್ನಾದರೂ ನಗು ಮಾರಾಯ್ತಿ,’ ಎಂದು ಪಾಸ್‌ಬುಕ್ಕನ್ನು ತಾವೇ ಕೇಳಿ ತೆಗೆದುಕೊಂಡರು. ಅವಳು ಅಷ್ಟೂ ಹಣವನ್ನು ಅಲ್ಲಿಯೇ ತೆಗೆದಳು. ಅದನ್ನು ಇಟ್ಟುಕೊಳ್ಳಬಾರದು ಎಂಬುದು ನಿಜ. ಆದರೆ ಕಾಪುವಿನ ಬಸ್ಸು ಹತ್ತಿದ್ದು ಅದಕ್ಕಲ್ಲ ಎಂಬುದೂ ನಿಜ. ಅವನು ಬೆಳೆದ ಮನೆಯನ್ನು ಒಮ್ಮೆ ನೋಡಬೇಕಾಗಿತ್ತು. ಗೋಡೆಯ ಮೇಲೆ ಅವನ ಚಿಕ್ಕಂದಿನ ಫೋಟೋ ಇದ್ದೀತು. ಅಷ್ಟು ಸಿಕ್ಕರೆ ಸಾಕು, ಹಣ ಕೊಟ್ಟು ಎದ್ದುಬಿಡುತ್ತೇನೆ ಎಂದು ಕಟಪಾಡಿ ದಾಟುವವರೆಗೂ ತನ್ನೊಂದಿಗೆ ಒಪ್ಪಂದ ಮಾಡಿಕೊಳ್ಳುತ್ತಿದ್ದಳು.

ಹೆದ್ದಾರಿಯಿಂದ ಸಮುದ್ರದ ಕಡೆಗೆ ಹೋಗುವ ದಾರಿಯಲ್ಲಿ ಅಂಗಡಿಯವನೊಬ್ಬ ಮನೆ ತೋರಿಸಿದ. ಹಂಚಿನ ಸಣ್ಣ ಮನೆ, ಅಂಗಳದಲ್ಲಿ ಶಿಲುಬೆಯ ಕಟ್ಟೆ. ಜಗಲಿಯಲ್ಲಿ ಬನಿಯನ್, ಲುಂಗಿ ತೊಟ್ಟ ಮುದುಕರೊಬ್ಬರು ಬಲೆಯ ಕುರ್ಚಿಯಲ್ಲಿದ್ದರು. ಅವಳ ಹೆಗಲ ಚೀಲ, ಇಸ್ತ್ರಿ ಮಾಡಿದ ಚೂಡಿದಾರ, ಕೈಯ ಲಕೋಟೆ ಇವುಗಳನ್ನು ನೋಡಿದವರೇ ಎದ್ದು ನಿಂತು ಲುಂಗಿಯನ್ನು ಕೆಳಗಿಳಿಸಿದರು.

‘ಬ್ಯಾಂಕಿನಿಂದ ಅಲ್ವಾ? ಬನ್ನಿ, ಕೂತುಕೊಳ್ಳಿ. ನಾನು ಸ್ಟ್ಯಾನಿಸ್ಲಾಸ್, ಡೆನ್ವರನ ತಂದೆ. ಹೆಂಡತಿ ಮೀನಿಗೆ ಹೋಗಿದ್ದಾಳೆ, ಈಗ ಬರ್ತಾಳೆ.’ ಅವಳು ಅಲ್ಲ ಎನ್ನುವಷ್ಟರಲ್ಲಿ ಅವರೇ ಮುಂದುವರಿಸಿದರು. ‘ಮೊನ್ನೆ ವಸೂಲಿಗೆ ಬಂದ ಹುಡುಗರು ಹೊರಗೆ ನಿಂತು ಬೊಬ್ಬೆ ಹಾಕಿದರು. ನೆರೆಕರೆಯವರೆಲ್ಲ ಕೇಳಿದರು. ನೀವು ಹೆಂಗಸರು, ನಿಮ್ಮ ಹತ್ತಿರ ಹೇಳಬಹುದು. ಅವನ ಕಾರ್ಡಿನ ಹಣವನ್ನೂ ನಾವು ಕೊಡ್ತೇವೆ. ಸ್ವಲ್ಪ ಸಮಯ ಬೇಕು. ಈಗಷ್ಟೇ ಇನ್ನೊಂದು ಬಾಕಿ ಮುಗಿಸಿದ್ದು. ಮಣಿಪಾಲದ ಒಂದು ಹುಡುಗಿಗೆ ಅವನು ಚೆಕ್ಕು ಬರೆದುಕೊಟ್ಟಿದ್ದ. ಒಂದು ಚೆಕ್ಕೂ ಹಿಂದೆ ಹೋಗಬಾರದು ಅಂತ ಇವಳು ಬಳೆ ಅಡವಿಟ್ಟು ತಿಂಗಳು ತಿಂಗಳು ಮೆಲಿಷಾಳಿಗೆ ಹಣ ಕಳುಹಿಸಿ ಅವನ ಖಾತೆಗೆ ಹಾಕಿಸುತ್ತಿದ್ದಳು. ಕಡೆಗೆ ಆ ಬಳೆಗಳನ್ನೇ ಮಾರಿ ಲೆಕ್ಕ ಮುಗಿಸಿದಳು.’

ಜಯಮಾಲಾ ಜಗಲಿಯ ಕಟ್ಟೆಯ ಮೇಲೆ ಕುಳಿತಳು. ಯಾವುದೋ ದೂರದ ಶಬ್ದದ ಹಾಗೆ ಸಮುದ್ರ ಕೇಳುತ್ತಿತ್ತು. ‘ಡೆನ್ವರ್?’ ಎಂದಳು.

‘ಹಡಗಿನಿಂದ ಇಳಿದವನು ಮತ್ತೆ ಹತ್ತಲಿಲ್ಲವಂತೆ. ಯಾವುದೋ ಬಂದರು, ಹೆಸರು ನನ್ನ ಬಾಯಿಗೆ ಬರುವುದಿಲ್ಲ. ಮಳೆಗಾಲದಲ್ಲಿ ಕಂಪನಿಯವರ ಕಾಗದ ಬಂತು. ಹೀಗೆ ಇಳಿದು ಅಲ್ಲಿಯೇ ಕೆಲಸ ಹುಡುಕುವವರು ತುಂಬ ಜನ ಉಂಟಂತೆ, ಹೆದರುವುದು ಬೇಡ ಅಂತಾರೆ. ಅದರ ನಂತರ ಅವನ ಸುದ್ದಿ ಇಲ್ಲ.’ ಮುದುಕರು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದರು. ಮುಖದಲ್ಲಿ ಭಯ ಹೋಗಿ ಬೇರೇನೋ ಬಂದಿತ್ತು. ‘ಒಂದು ಮಾತು ಕೇಳ್ತೇನೆ, ಬೇಸರ ಮಾಡಬೇಡಿ. ಸಾಲ ಮಾಡಿದವರು ಎಲ್ಲಿ ಅಡಗಿದರೂ ನಿಮ್ಮ ಬ್ಯಾಂಕಿನವರು ಹುಡುಕಿ ತೆಗೀತಾರಂತೆ ಅಲ್ವಾ? ನೀವು ಅವನನ್ನು ಹುಡುಕಿ. ಸಿಕ್ಕಿದರೆ ನಮಗೊಂದು ತಿಳಿಸಿ. ಹಣದ ಮಾತು ಬೇರೆ, ಅದನ್ನು ನಾವು ಕೊಟ್ಟೇ ಕೊಡ್ತೇವೆ.’

ಮಳೆಗಾಲದಿಂದೀಚೆಗೆ ತಿಂಗಳು ತಿಂಗಳೂ ಬಸ್ಸಿನಲ್ಲಿ ಕುಳಿತು ತಾನು ಡೆನ್ವರನೆಂದು ಓದಿಕೊಂಡ ಸಾಲುಗಳೆಲ್ಲ ಈ ಮನೆಯ ಹೆಂಗಸಿನ ಬಳೆಗಳಾಗಿದ್ದವು. ಅವನು ತಟ್ಟೆ ಹಿಡಿದಿರಲಿಲ್ಲ, ಬಿಳಿ ಕೋಟು ತೊಟ್ಟಿರಲಿಲ್ಲ. ಆ ಸಮುದ್ರದ ಮೇಲೆ ಅವನು ಇರಲೇ ಇಲ್ಲ. ಗೇಟಿನ ಸದ್ದಾಯಿತು. ಜೆರ್ಟ್ರೂಡ್ ಬಾಯಿ ಮೀನಿನ ಚೀಲ ಹಿಡಿದು ಅಂಗಳದ ನಡುವೆ ನಿಂತಿದ್ದರು. ಗಂಡನ ಮುಖ, ಅವಳ ಮುಖ ನೋಡಿದ ಮೇಲೆ ಅವರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

‘ಒಳಗೆ ಬಾ,’ ಎಂದರು.

ಅಡುಗೆಮನೆಯಲ್ಲಿ ಅವಳು ಲಕೋಟೆಯನ್ನು ಮುಂದಿಟ್ಟಾಗ ಬಾಯಿ ಬೇಡ ಎನ್ನಲಿಲ್ಲ. ತೆಗೆದು ಅಕ್ಕಿಡಬ್ಬಿಯ ಹಿಂದೆ ಇಟ್ಟರು. ‘ನೀನು ಕಾಯ್ತಾ ಕೂರಬಾರದು ಅಂತ ಸುಳ್ಳು ಹೇಳಿದೆ,’ ಎಂದರು, ಮೀನಿನ ರೆಕ್ಕೆಗಳನ್ನು ಕತ್ತರಿಸುತ್ತ. ‘ಹೆಣ್ಣು ಅಂದರೆ ನೀನು ಸಿಟ್ಟು ಮಾಡಿ ಬಿಟ್ಟುಬಿಡ್ತೀ. ಕಾಣೆಯಾಗಿದ್ದಾನೆ ಅಂದರೆ ಬಿಡುವುದಿಲ್ಲ. ನನಗೆ ಗೊತ್ತಲ್ವಾ.’ ಆಮೇಲೆ, ತಲೆ ಎತ್ತದೆ: ‘ನಿನಗೆ ಅವನು ಏನಾದರೂ ಬರೆದನಾ? ಫೋನು?’

‘ಇಲ್ಲ ಬಾಯಿ. ಮಳೆಗಾಲದ ನಂತರ ಇಲ್ಲ. ನಿಮಗೆ?’

‘ಇಲ್ಲ.’

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬಾಯಿಯ ಮುಖದಲ್ಲಿ ಬಿಗಿ ಸಡಿಲಿದ್ದನ್ನು ಜಯಮಾಲಾ ಕಂಡಳು. ಅದೇ ಸಡಿಲು ತನ್ನ ಎದೆಯಲ್ಲೂ ಆಗಿತ್ತು. ಇವರಿಗೂ ಬರೆದಿಲ್ಲ. ತನ್ನನ್ನು ಮಾತ್ರ ಮರೆತದ್ದಲ್ಲ. ಅವನು ಬದುಕಿರುವನೇ ಎಂಬ ಚಿಂತೆಗಿಂತ ಮೊದಲು ಈ ನೆಮ್ಮದಿ ಬಂದು ಕುಳಿತಿತ್ತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಬಾಯಿಯೂ ಬೇಗನೆ ಮುಖ ತಿರುಗಿಸಿ ಒಲೆಯ ಕಡೆ ಬಗ್ಗಿದರು.

‘ಬಂಗುಡೆ ತಿನ್ತೀಯಾ? ನಿಮ್ಮ ಕಡೆಯವರು ತಿನ್ನುವುದಿಲ್ಲ ಅಲ್ವಾ?’

‘ನಾನು ತಿನ್ತೇನೆ,’ ಎಂದಳು.

ನೆಲದ ಮೇಲೆ ಮೂರು ತಟ್ಟೆಗಳು. ಸ್ಟ್ಯಾನಿಸ್ಲಾಸರಿಗೆ ಇವಳು ಯಾರು ಎಂದು ಬಾಯಿ ಕೊಂಕಣಿಯಲ್ಲಿ ಮೆಲ್ಲನೆ ಹೇಳಿದರು. ಮುದುಕರು ಒಮ್ಮೆ ಅವಳನ್ನು ನೋಡಿ, ಅನ್ನದ ಪಾತ್ರೆಯನ್ನು ಅವಳ ಕಡೆಗೆ ತಳ್ಳಿದರು. ಜಯಮಾಲಾಳಿಗೆ ಹಸಿವಾಗಿತ್ತು, ಎಷ್ಟೋ ದಿನಗಳ ನಂತರ. ಬಂಗುಡೆಯ ತಲೆಯನ್ನು ಬದಿಗಿಟ್ಟು, ಡೆನ್ವರ್ ಕಲಿಸಿದ ಹಾಗೆ ಬೆನ್ನಿನುದ್ದಕ್ಕೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಬಾಲವನ್ನು ಹಿಡಿದು ಮೇಲಕ್ಕೆತ್ತಿದಳು. ನಡುಮುಳ್ಳು ಇಡಿಯಾಗಿ ಬಿಟ್ಟುಬಂತು. ಅದನ್ನು ತಟ್ಟೆಯ ಅಂ‌ಚಿನಲ್ಲಿ ನೇರವಾಗಿ ಮಲಗಿಸಿದಳು. ಎರಡನೆಯ ತುತ್ತಿಗೆ ಕೈ ಹಾಕಿದಾಗ ತಲೆ ಎತ್ತಿದಳು. ಜೆರ್ಟ್ರೂಡ್ ಬಾಯಿ ಉಣ್ಣುವುದನ್ನು ನಿಲ್ಲಿಸಿದ್ದರು. ಅವರ ಕಣ್ಣುಗಳು ಅವಳ ಬೆರಳುಗಳ ಮೇಲಿದ್ದವು.

‘ಇನ್ನೊಂದು ಹಾಕ್ತೇನೆ,’ ಎಂದರು ಬಾಯಿ. ಅವಳಿಗೆ ಸಾಕಾಗಿತ್ತು. ಆದರೂ ತಟ್ಟೆಯನ್ನು ಮುಂದೆ ಚಾಚಿದಳು.